ಅಟ್ಟದ ಕೆಳಗೆ ಹನ್ನೊಂದು ಮಕ್ಕಳು

ನಿವೃತ್ತಿಯಾಗಿ ಇಷ್ಟು ವರ್ಷವಾದ ಮೇಲೂ ಯಾರಾದರೂ ನಿಮ್ಮ ಕೆಲಸ ಏನಿತ್ತು ಅಂತ ಕೇಳಿದರೆ ಒಂದೇ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಕಾಗದದ ಮೇಲೆ ನಾನು ಮೇಲ್ವಿಚಾರಕಿ. ನಿಜವಾಗಿ ಮಾಡಿದ್ದು ಏನೆಂದರೆ, ಕೂಲಿಗೆ ಹೋಗುವ ತಾಯಂದಿರು ಹಗಲು ಹೊತ್ತು ತಮ್ಮ ಮಕ್ಕಳನ್ನು ಯಾವ ಮನೆಯಲ್ಲಿ, ಯಾವ ಹೆಂಗಸಿನ ಕೈಯಲ್ಲಿ ಬಿಟ್ಟು ಹೋಗಬಹುದು ಅಂತ ಊರೂರು ಸುತ್ತಿ ಆರಿಸುವುದು. ಹೆಣ್ಣು ನೋಡಲು ಹೋದವರಿಗಾದರೂ ಉಪ್ಪಿಟ್ಟು ಸಿಗುತ್ತದೆ. ನಮಗೆ ಅನುಮಾನದ ನೋಟವೇ ಸಿಗುತ್ತಿತ್ತು.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಒಳ್ಳೆ ಹುಡುಗಿಯರು, ಚುರುಕು. ಆದರೆ ಕೇಳುವುದು ಬರೀ ರಿಜಿಸ್ಟರ್ ಹೇಗೆ ಬರೆಯಬೇಕು, ತಪಾಸಣೆ ವರದಿಗೆ ಏನೇನು ಸೇರಿಸಬೇಕು ಅಂತ. ಅದನ್ನೆಲ್ಲ ಆಫೀಸಿನಲ್ಲೇ ಹೇಳಿಕೊಡುತ್ತಾರೆ ಕಣ್ರಮ್ಮ. ನಾನು ಬರೆಯುತ್ತಿರುವುದು ನನ್ನ ಒಂದೆರಡು ತಪ್ಪುಗಳನ್ನು, ಮತ್ತೆ ಆ ತಪ್ಪಿನಿಂದ ನನ್ನನ್ನು ಪಾರು ಮಾಡಿದ ಒಬ್ಬ ಹೆಂಗಸಿನ ವಿಷಯವನ್ನು. ಅವರ ಋಣ ನನ್ನ ಮೇಲಿದೆ. ಓದು ಬರಹ ಬಾರದ ಅವರ ಬಗ್ಗೆ ಬೇರೆ ಯಾರೂ ಬರೆಯುವುದಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಒಂದು ಸೇವಾ ಸಂಸ್ಥೆಗೆ ಸೇರಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಮೂರು ತಾಲ್ಲೂಕೂ ನನ್ನ ಪಾಲಿಗೆ. ನಮ್ಮ ಕಡೆ ತೆಂಗು ಅಂದರೆ ಗಂಡಸರು ಮರ ಹತ್ತುವುದು, ಕಾಯಿ ಸುಲಿಯುವುದು. ಮಿಕ್ಕಿದ್ದೆಲ್ಲ ಹೆಂಗಸರದ್ದೇ. ಮಟ್ಟೆಯನ್ನು, ಅಂದರೆ ಕಾಯಿಯ ಸಿಪ್ಪೆಯನ್ನು, ಗುಂಡಿಯಲ್ಲಿ ನೆನೆಹಾಕಿ ಬಡಿದು ನಾರು ತೆಗೆಯಬೇಕು, ಹುರಿ ಹೊಸೆಯಬೇಕು, ಚಿಪ್ಪು ಒಡೆದು ಕೊಬ್ಬರಿ ಬಿಡಿಸಬೇಕು. ಕೂಸುಗಳನ್ನು ನಾರಿನ ರಾಶಿ ಪಕ್ಕದಲ್ಲಿ ಮಲಗಿಸಿಕೊಂಡು ಬಡಿಯುತ್ತಿದ್ದರು. ಇಲ್ಲ, ಮಂಚದ ಕಾಲಿಗೆ ಸೀರೆ ತುಂಡಿನಲ್ಲಿ ಕಟ್ಟಿ ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು. ಏಳೆಂಟು ವರ್ಷದ ಅಕ್ಕಂದಿರು ತಂಗಿಯನ್ನು ಸೊಂಟಕ್ಕೆ ಏರಿಸಿಕೊಂಡು ಶಾಲೆ ಬಿಟ್ಟು ನಿಂತಿರುತ್ತಿದ್ದರು. ಅದಕ್ಕಾಗಿ ನಮ್ಮ ಸಂಸ್ಥೆ ಶಿಶುಪಾಲನಾ ಕೇಂದ್ರ ತೆರೆಯಿತು. ಅಷ್ಟುದ್ದದ ಹೆಸರು ಜನರ ಬಾಯಲ್ಲಿ ನಿಲ್ಲಲಿಲ್ಲ. ಎಲ್ಲರೂ ತೊಟ್ಲುಮನೆ ಅಂದರು.

ತೊಟ್ಲುಮನೆಗೆ ಜಾಗ ಮತ್ತು ಹೆಂಗಸು ಆರಿಸಲು ನಾಲ್ಕು ಪುಟದ ಒಂದು ನಮೂನೆ ಇತ್ತು. ಕಿಟಕಿ ಎಷ್ಟು, ನೀರು ಎಷ್ಟು ದೂರ, ನೆಲ ಗಾರೆಯದ್ದೋ ಮಣ್ಣಿನದ್ದೋ, ಹೆಂಗಸು ಎಷ್ಟನೇ ಕ್ಲಾಸು. ನಾನು ಆಗ ಇಪ್ಪತ್ತೇಳರ ಹುಡುಗಿ. ಆ ನಮೂನೆಯನ್ನು ದೇವರ ಪಟದಂತೆ ಎದೆಗೆ ಒತ್ತಿಕೊಂಡು ಓಡಾಡುತ್ತಿದ್ದೆ.

ಮೊದಲನೇ ಪಾಠ ಆಗಿದ್ದು ದಂಡಿನಶಿವರದ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ನಾನು ಆರಿಸಿದ್ದು ಎಸ್ಸೆಸ್ಸೆಲ್ಸಿ ಪಾಸಾದ ಹೆಣ್ಣುಮಗಳು. ಅಕ್ಷರ ಮುತ್ತಿನ ಹಾಗೆ. ಯಾವಾಗ ಹೋದರೂ ಮಕ್ಕಳು ಗೋಡೆ ಪಕ್ಕ ಸಾಲಾಗಿ ಕೂತಿರುತ್ತಿದ್ದವು, ಒಂದೂ ಉಸಿರೆತ್ತುತ್ತಿರಲಿಲ್ಲ. ಎಷ್ಟು ಶಿಸ್ತು ಅಂತ ನನಗೆ ಹೆಮ್ಮೆ. ವರದಿಯಲ್ಲಿ ಅತ್ಯುತ್ತಮ ಅಂತ ಬರೆದೆ. ಮೂರನೇ ಸಲ ಹೋದಾಗ ಒಂದು ಮಗು ಹೊಸಿಲು ಎಡವಿ ಬಿತ್ತು. ತುಟಿ ಒಡೆದು ರಕ್ತ ಬಂತು. ಮಗು ಎದ್ದು ಸುತ್ತ ನೋಡಿತು. ಆ ಹೆಣ್ಣುಮಗಳು ಎರಡು ಮಾರು ದೂರದಲ್ಲೇ ನಿಂತಿದ್ದಳು. ಮಗು ಅವಳ ಹತ್ತಿರ ಹೋಗಲಿಲ್ಲ, ಮೂಲೆಗೆ ಹೋಗಿ ಗೋಡೆ ಕಡೆ ಮುಖ ಮಾಡಿಕೊಂಡು ಸದ್ದಿಲ್ಲದೆ ಅತ್ತಿತು. ಹೊಡೆಯುವುದೇನೂ ಇರಲಿಲ್ಲ ಅವಳಲ್ಲಿ. ಕಣ್ಣಲ್ಲೇ ಹೆದರಿಸಿ ಇಟ್ಟಿದ್ದಳು. ಅವಳನ್ನು ಹೊಲಿಗೆ ಕಲಿಸುವ ಕೆಲಸಕ್ಕೆ ಬದಲಾಯಿಸಿದೆವು. ಅಲ್ಲಿ ಚೆನ್ನಾಗಿಯೇ ಮಾಡಿದಳು.

ಆವತ್ತಿನಿಂದ ಎರಡು ಅಭ್ಯಾಸ ಮಾಡಿಕೊಂಡೆ. ಒಂದು, ಬಿದ್ದ ಮಗು ಎದ್ದು ಯಾರ ಹತ್ತಿರ ಓಡುತ್ತದೆ ಅಂತ ನೋಡುವುದು. ಇನ್ನೊಂದು, ಒಂದು ಸ್ಟಾಪು ಮುಂಚೆಯೇ ಬಸ್ ಇಳಿದು ತೋಟದ ಬದುವಿನ ಮೇಲೆ ನಡೆದು ಹೋಗುವುದು. ದಿನಕ್ಕೆ ಮೂರೇ ಬಸ್ಸು ಬರುವ ಊರಿನಲ್ಲಿ ಬಸ್ಸಿನ ಹಾರನ್ ಕೇಳುತ್ತಲೇ ಎಲ್ಲರಿಗೂ ಮೇಡಂ ಬಂದರು ಅಂತ ಗೊತ್ತಾಗುತ್ತಿತ್ತು. ಮಕ್ಕಳ ಮುಖ ತೊಳೆಯಲು ಅಷ್ಟು ಹೊತ್ತು ಧಾರಾಳ ಸಾಕು.

ಈಗ ದೊಡ್ಡ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಶೆಟ್ಟಿಕೆರೆ ದಾರಿಯ ಒಂದು ಊರಿನಲ್ಲಿ ತೊಟ್ಲುಮನೆ ಬೇಕು ಅಂತ ನಾರು ಬಡಿಯುವ ಹೆಂಗಸರೇ ಬಂದು ಕೇಳಿದರು. ಆ ಊರಿನ ಶಿವಣ್ಣಗೌಡರು ದೊಡ್ಡ ಮನಸ್ಸು ಮಾಡಿ ತಮ್ಮ ಹಳೇ ಮನೆಯ ಪಡಸಾಲೆ ಬಿಟ್ಟುಕೊಟ್ಟರು. ಎಂಥಾ ಪಡಸಾಲೆ ಅಂತೀರಿ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು. ಮೇಲೆ ಅಟ್ಟ, ಅಟ್ಟದ ತುಂಬ ಕಾಯಿ. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ. ಮರದಿಂದ ಇಳಿಸಿದ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹತ್ತಿರ ಹಾಗೇ ಬಿಟ್ಟರೆ ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಉಂಡೆಯಾಗುತ್ತದೆ. ಆದ್ದರಿಂದ ಅನುಕೂಲ ಇರುವ ಪ್ರತಿ ಮನೆಯಲ್ಲೂ ತಲೆಯ ಮೇಲೆ ಸಾವಿರಾರು ಕಾಯಿ. ಅದರ ಕೆಳಗೇ ಊಟ, ಅದರ ಕೆಳಗೇ ನಿದ್ದೆ, ಅದರ ಕೆಳಗೇ ಬಾಣಂತನ.

ಜಾಗ ನೋಡಲು ನಮ್ಮ ಕಾರ್ಯದರ್ಶಿ ಪಾಟೀಲರೂ ಬಂದಿದ್ದರು. ವಿಜಾಪುರದ ಕಡೆಯವರು, ಮಿತಭಾಷಿ. ಒಳಗೆ ಕಾಲಿಟ್ಟವರೇ ತಲೆ ಎತ್ತಿ ನೋಡಿದರು.

"ಇದೇನ್ರೀ ಸಾವಿತ್ರಮ್ಮಾರ, ಮ್ಯಾಲೆ ಇಷ್ಟ್ ಭಾರ ಹೊತ್ತದ. ಇದರ ಕೆಳಗ ಕೂಸುಗಳನ್ನ ಮಲಗಸ್ತೀರೇನು?"

ನಾನು ನಕ್ಕುಬಿಟ್ಟೆ. "ಸರ್, ನಾವೆಲ್ಲ ಹುಟ್ಟಿದ್ದೇ ಇದರ ಕೆಳಗೆ" ಅಂದೆ. ಗೌಡರೂ ನಕ್ಕರು. ಪಾಟೀಲರೂ ನಕ್ಕು ಸುಮ್ಮನಾದರು. ನಮೂನೆಯಲ್ಲಿ ಅಟ್ಟ ಅನ್ನುವ ಮಾತೇ ಇರಲಿಲ್ಲ. ಕಿಟಕಿ ನಾಲ್ಕು, ನೆಲ ಗಾರೆ, ನೀರು ಹಿತ್ತಲಲ್ಲೇ. ಎಲ್ಲದಕ್ಕೂ ಸರಿ ಅಂತ ಗುರುತು ಹಾಕಿದೆ.

ಹೆಂಗಸಿನ ವಿಷಯದಲ್ಲಿ ಮಾತ್ರ ತಕರಾರಾಯಿತು. ಏಳನೇ ಕ್ಲಾಸಾದರೂ ಓದಿದವರು ಬೇಕು ಅಂತ ನನ್ನ ಹಟ. ತಾಯಂದಿರು ರಂಗಮ್ಮನೇ ಆಗಬೇಕು ಅಂದರು. ರಂಗಮ್ಮ ನಲವತ್ತೈದು ದಾಟಿದ ಹೆಂಗಸು, ಗಂಡ ಇಲ್ಲ, ಮಕ್ಕಳು ದೊಡ್ಡವರಾಗಿದ್ದರು. ಊರಿನಲ್ಲಿ ಹುಟ್ಟಿದ ಕೂಸುಗಳಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಹಾಕಿಕೊಂಡು ನೀರೆರೆಯುತ್ತಿದ್ದವಳು ಅವಳೇ. ಸಹಿ ಹಾಕಲೂ ಬಾರದು. ಹಾಜರಿ ಹೇಗೆ ಬರೆಯುತ್ತೀಯ ಅಂತ ಕೇಳಿದೆ. "ಗೋಡೆ ಮ್ಯಾಲೆ ಇದ್ಲಲ್ಲಿ ಗೀಟು ಎಳೀತೀನಿ, ಗೌಡರ ಸೊಸೆ ನೋಡ್ಕಂಡು ಬುಕ್ಕಿಗೆ ಬರ್ಕಳ್ಳಿ" ಅಂದಳು. ಪಾಟೀಲರು ಆರು ತಿಂಗಳು ನೋಡೋಣ ಅಂದರು. ನಾನು ಒಲ್ಲದ ಮನಸ್ಸಿನಿಂದ ಒಪ್ಪಿದೆ.

ಶುರುವಾದ ದಿನ ತಾಯಂದಿರ ಸಭೆ. ಜಯಮ್ಮ ಅನ್ನುವ ನಾರು ಬಡಿಯುವ ಹೆಂಗಸು ನನ್ನನ್ನೇ ನೋಡುತ್ತಿದ್ದಳು.

"ಅಮ್ಮೋರೆ, ನಿಮ್ಗೂ ಮಗು ಐತಂತಲ್ಲ."

"ಹೂಂ ಕಣಮ್ಮ, ಹತ್ತು ತಿಂಗಳಿನ ಹೆಣ್ಣು ಮಗು."

"ಅದ್ನ ಇಲ್ಲಿ ಬುಟ್ಟು ಹೋಯ್ತೀರಾ?"

"ಬಿಡದೆ ಏನು, ದೂರ ಆಗುತ್ತೆ ಅಷ್ಟೆ" ಅಂದೆ. ಎಲ್ಲರೂ ನಕ್ಕರು, ಜಯಮ್ಮ ನಗಲಿಲ್ಲ. ದೂರ ಅನ್ನುವುದು ನೆಪ. ನನ್ನ ಮಗಳು ಸುಮಾಳನ್ನು ಆ ಪಡಸಾಲೆಯಲ್ಲಿ, ಅಕ್ಷರ ಬಾರದ ರಂಗಮ್ಮನ ಮಡಿಲಲ್ಲಿ ಬಿಡುವ ಯೋಚನೆ ನನಗೆ ಕನಸಿನಲ್ಲೂ ಬಂದಿರಲಿಲ್ಲ. ಬೇರೆಯವರ ಮಗುವಿಗೆ ಸಾಕು ಅಂದದ್ದು ನನ್ನ ಮಗುವಿಗೆ ಸಾಕಾಗಿರಲಿಲ್ಲ.

ನಿಜ ಹೇಳಬೇಕೆಂದರೆ ಆ ಪ್ರಶ್ನೆ ನನ್ನ ಕುತ್ತಿಗೆಗೇ ಬಂದಿತ್ತು. ತಿಪಟೂರಿನ ನಮ್ಮ ಮನೆಯಲ್ಲಿ ಸುಮಾಳನ್ನು ನೋಡಿಕೊಳ್ಳುತ್ತಿದ್ದವಳು ನಾದಿನಿ ಲಲಿತಾ. ಯುಗಾದಿ ಕಳೆದ ಮೇಲೆ ಅವಳ ಮದುವೆ ಅಂತ ನಿಶ್ಚಯವಾಗಿತ್ತು. ನಮ್ಮ ಮನೆಯವರು ಶಾಲಾ ಮೇಷ್ಟ್ರು, ಅತ್ತೆ ಹೋಗಿ ನಾಲ್ಕು ವರ್ಷವಾಗಿತ್ತು. ಮದುವೆಯ ಹೊತ್ತಿಗೆ ಮಗಳನ್ನು ಬಿಡಲು ಒಬ್ಬ ನಂಬಿಕಸ್ಥ ಹೆಂಗಸು ಸಿಗದಿದ್ದರೆ ನಾನು ಕೆಲಸ ಬಿಡಬೇಕಿತ್ತು. ಮೂರು ತಾಲ್ಲೂಕಿನ ತಾಯಂದಿರಿಗೆ ಹೆಂಗಸರನ್ನು ಆರಿಸಿಕೊಡುವವಳಿಗೆ ತನಗೊಬ್ಬಳು ಸಿಕ್ಕಿರಲಿಲ್ಲ.

ರಂಗಮ್ಮನ ಜೊತೆ ಜಗಳ ಶುರುವಾಗಿದ್ದು ಸಂಕ್ರಾಂತಿ ಆದ ಮೇಲೆ. ಒಂದು ಮಧ್ಯಾಹ್ನ ಹೋಗಿ ನೋಡಿದರೆ ಮಕ್ಕಳೆಲ್ಲ ಹೊರಗೆ ಜಗಲಿ ಮೇಲೆ ಮಲಗಿದ್ದಾರೆ. ಹಳೇ ಸೀರೆ ಹಾಸಿ ಸಾಲಾಗಿ ಮಲಗಿಸಿ, ಇವಳು ಬಿಸಿಲಿಗೆ ಅಡ್ಡವಾಗಿ ಒಂದು ಗೋಣಿತಾಟು ಕಟ್ಟಿ ಕೂತಿದ್ದಾಳೆ. ಎದುರಿಗೇ ದಾರಿ, ದನ ಓಡಾಡುತ್ತವೆ, ಧೂಳು. ಪಡಸಾಲೆ ಖಾಲಿ.

"ಯಾಕೆ ರಂಗಮ್ಮ, ಮಕ್ಕಳನ್ನ ಹೊರಗೆ ಹಾಕಿದ್ದೀಯ?"

"ಒಳ್ಗೆ ಸೆಕೆ ಕಣ್ರವ್ವ."

"ಅಟ್ಟದ ಕೆಳಗೆ ಸೆಕೆಯಾ? ಯಾರಿಗೆ ಹೇಳ್ತೀಯ ಇದನ್ನ?"

ಅವಳು ಗೋಣಿತಾಟನ್ನು ಇನ್ನಷ್ಟು ಕೆಳಗೆ ಎಳೆದಳು. ಮಕ್ಕಳನ್ನು ಒಳಗೇ ಮಲಗಿಸಬೇಕು ಅಂತ ಕಟ್ಟುನಿಟ್ಟಾಗಿ ಹೇಳಿ ಬಂದೆ.

ಮುಂದಿನ ಸಲ ಹೋದಾಗ ಒಳಗೇ ಮಲಗಿಸಿದ್ದಳು. ಆದರೆ ಮಕ್ಕಳ ಮುಖದ ಮೇಲೆ, ಕಣ್ಣಿನ ರೆಪ್ಪೆ ಮೇಲೆಲ್ಲ ಹಿಟ್ಟಿನಂಥ ಹುಡಿ. ವರದಿ ಪುಸ್ತಕ ತೆಗೆದು ಮಕ್ಕಳ ಮುಖ ಶುಚಿಯಾಗಿಲ್ಲ ಅಂತ ಬರೆದೆ. ಬರೆದದ್ದನ್ನು ಅವಳಿಗೆ ಓದಿಯೂ ಹೇಳಿದೆ.

"ತೊಳ್ದೇ ಮಲಗ್ಸಿದ್ದು ಕಣ್ರವ್ವ" ಅಂದಳು. ಆಮೇಲೆ ತಲೆ ಎತ್ತಿ ಮೇಲೆ ನೋಡಿ, "ಅಟ್ಟ ಸದ್ದು ಮಾಡ್ತೈತೆ. ಹೊಸ ಕಾಯಿ ಏರ್ಸಿದ ಮ್ಯಾಲೆ ಬಿಸ್ಲು ಹೊತ್ತಲ್ಲಿ ಕಿರ್ ಕಿರ್ ಅಂತೈತೆ."

"ಇಲಿ ಇರಬೇಕು."

"ಇಲಿ ಸದ್ದು ನಂಗೊತ್ತಿಲ್ವಾ? ಗೌಡ್ರಿಗೂ ಹೇಳ್ದೆ. ಆಳು ಬಂದು ಏಣಿ ಹಾಕಿ ನೋಡ್ಕಂಡು ಇಲೀನೇ ಅಂದ. ಅವ್ರಜ್ಜನ ಕಾಲದ ತೊಲೆ, ಏನೂ ಆಗಲ್ಲ ಅಂದ್ರು."

"ಮತ್ತೆ ನಿನಗೇನು ಅದರ ಚಿಂತೆ?" ಅಂದೆ. ನಾನೂ ಅಟ್ಟದ ಮನೆಯ ಮಗಳು. ಕೊಬ್ಬರಿ ಒಣಗುವಾಗ ಅಟ್ಟ ನೂರು ತರದ ಸದ್ದು ಮಾಡುತ್ತದೆ, ನಾವು ಆ ಸದ್ದಿನಲ್ಲೇ ನಿದ್ದೆ ಕಲಿತವರು. ಈ ಹೆಂಗಸಿಗೆ ಜಗಲಿ ಮೇಲೆ ಕೂತು ದಾರಿಹೋಕರ ಜೊತೆ ಹರಟೆ ಹೊಡೆಯಲು ಒಂದು ನೆಪ ಬೇಕು ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಹಾಗೆ ಅಂದುಕೊಂಡದ್ದು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮೂರನೇ ಸಲ ಹೋದಾಗ ಮತ್ತೆ ಜಗಲಿ. ಆವತ್ತು ತಾಯಂದಿರ ಎದುರಿಗೇ ಬೈದೆ. ಹೇಳಿದ ಮಾತು ಕೇಳುವುದಾದರೆ ಇರು, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಅಂದೆ. "ಆಯ್ತು ಕಣ್ರವ್ವ" ಅಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ನನಗೆ ಅದೂ ಸೊಕ್ಕು ಅನ್ನಿಸಿತು. ಆಫೀಸಿಗೆ ಬಂದು, ಮೂರು ಸಲ ಹೇಳಿದರೂ ಕೇಳದ ಕಾರಣ ಇವರನ್ನು ಬಿಡಿಸಲಾಗಿದೆ ಅಂತ ಕಾಗದ ಬರೆದೆ. ಪಾಟೀಲರು ಓದಿ, ಇನ್ನೊಂದು ಸಲ ನೀವೇ ಹೋಗಿ ನೋಡಿ, ಹಾಗೇ ಮಾಡುತ್ತಿದ್ದರೆ ಕೊಡಿ ಅಂತ ಸಹಿ ಹಾಕಿದರು.

ಶಿವರಾತ್ರಿ ಕಳೆದು ಒಂದು ವಾರ ಆಗಿತ್ತು. ಕಾಗದ ಚೀಲದಲ್ಲಿಟ್ಟುಕೊಂಡು, ಒಂದು ಸ್ಟಾಪು ಮುಂಚೆ ಇಳಿದು ತೋಟದ ಮೇಲೆ ನಡೆದು ಹೋದೆ. ಮಧ್ಯಾಹ್ನ ಒಂದೂವರೆ ಇರಬೇಕು. ದೂರದಿಂದಲೇ ಗೋಣಿತಾಟು ಕಾಣಿಸಿತು. ಮಕ್ಕಳು ಜಗಲಿ ಮೇಲೆ. ಸಿಕ್ಕಿಬಿದ್ದಳು ಅಂತ ಒಳಗೊಳಗೇ ಖುಷಿಪಟ್ಟೆ ಕಣ್ರಮ್ಮ, ಸುಳ್ಳು ಯಾಕೆ ಹೇಳಲಿ.

ಅಂಗಳಕ್ಕೆ ಬಂದು ಚೀಲಕ್ಕೆ ಕೈ ಹಾಕಿದೆ. ಆಗ ಒಳಗೆ ಒಂದು ಕಾಯಿ ಬಿದ್ದ ಸದ್ದು. ಆಮೇಲೆ ಎರಡು. ಆಮೇಲೆ ಮರ ಮುರಿಯುವ ಸದ್ದು, ಅದರ ಹಿಂದೆಯೇ ಇಡೀ ಅಟ್ಟದ ಒಂದು ಮಗ್ಗುಲು ಕುಸಿದು ಬಂತು. ಎಷ್ಟು ಹೊತ್ತು ಕಾಯಿ ಉರುಳುತ್ತಿತ್ತೋ ಗೊತ್ತಿಲ್ಲ. ಬಾಗಿಲಿಂದ ಧೂಳು ಹೊಗೆಯ ಹಾಗೆ ಹೊರಗೆ ಬಂತು. ರಂಗಮ್ಮ ಎದ್ದವಳೇ ಬಾಗಿಲಿಗೆ ಬೆನ್ನು ಕೊಟ್ಟು ಎರಡೂ ಕೈ ಅಗಲಿಸಿ ನಿಂತಳು, ಎಚ್ಚರಾದ ಮಕ್ಕಳು ಒಳಗೆ ನುಗ್ಗದ ಹಾಗೆ.

ನಾನು ಮಕ್ಕಳನ್ನು ಎಣಿಸಿದೆ. ಹತ್ತು. ದಾಖಲೆಯಲ್ಲಿ ಹನ್ನೊಂದು. ಮತ್ತೆ ಎಣಿಸಿದೆ. ಹತ್ತೇ. "ರಂಗಮ್ಮ, ಇನ್ನೊಂದು ಮಗು ಎಲ್ಲಿ?" ಅಂತ ಕಿರುಚಿದೆ. ಅವಳು ನನ್ನ ಮುಖ ನೋಡಿ, ತನ್ನ ಬೆನ್ನು ತಿರುಗಿಸಿ ತೋರಿಸಿದಳು. ಜಯಮ್ಮನ ಕೂಸು ಅಲ್ಲಿ ಸೆರಗಿನ ಜೋಲಿಯೊಳಗೆ ಕಣ್ಣು ಬಿಟ್ಟುಕೊಂಡು ಇತ್ತು.

"ಇಲ್ಲೈತೆ ಬುಡ್ರವ್ವ. ಇದು ನೆಲದ ಮ್ಯಾಲೆ ಮಲಗಕ್ಕಿಲ್ಲ."

ನಾನು ಜಗಲಿ ಮೆಟ್ಟಿಲ ಮೇಲೆ ಕೂತೆ. ನಾರಿನ ಗುಂಡಿಯಿಂದ ತಾಯಂದಿರು ಓಡಿಬಂದರು, ಅವರವರ ಮಕ್ಕಳನ್ನು ಅಪ್ಪಿಕೊಂಡು ತಲೆ, ಕೈ, ಕಾಲು ಮುಟ್ಟಿ ಮುಟ್ಟಿ ನೋಡಿಕೊಂಡರು. ಶಿವಣ್ಣಗೌಡರು ಬಂದು ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಗೋಡೆಯೊಳಗೆ ಸೇರಿಕೊಂಡಿದ್ದ ತೊಲೆಯ ತುದಿಯನ್ನು ಗೆದ್ದಲು ಪೂರ್ತಿ ತಿಂದುಬಿಟ್ಟಿತ್ತು. ಹೊರಗಿನಿಂದ ನೋಡಿದರೆ ತೊಲೆ ನೆಟ್ಟಗೇ ಇತ್ತು. ಮಕ್ಕಳ ರೆಪ್ಪೆ ಮೇಲೆ ನಾನು ಕೊಳೆ ಅಂತ ಬರೆದದ್ದು ಆ ತೊಲೆಯ ಹುಡಿ. ಗೌಡರು ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆವತ್ತೇ ಸಂಜೆಯೊಳಗೆ ಅಟ್ಟವಿಲ್ಲದ ಒಂದು ಹೆಂಚಿನ ಮನೆ ಬಿಡಿಸಿ ಸುಣ್ಣ ಬಳಿಸಿದರು. ಅವರಿಗೂ ನಾನು ಕೃತಜ್ಞಳು.

ಗಲಾಟೆ ಅಡಗಿದ ಮೇಲೆ ರಂಗಮ್ಮ ನನಗೆ ನೀರು ಕೊಟ್ಟಳು. ನನ್ನ ಕೈಯಲ್ಲಿ ಇನ್ನೂ ಕಾಗದ ಇತ್ತು.

"ಏನ್ರವ್ವ ಅದು? ನನ್ದಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನಿಮ್ಮದೇ. ನಿಮ್ಮನ್ನ ಕೆಲಸದಿಂದ ಬಿಡಿಸಿದ್ದೀವಿ ಅಂತ ಬರೆದಿದೆ."

"ಯಾಕಂತೆ?"

"ಮೂರು ಸಲ ಹೇಳಿದರೂ ಮಾತು ಕೇಳಲಿಲ್ಲ ಅಂತ."

ಅವರು ನನ್ನ ಕೈಯಿಂದ ನೀರಿನ ಲೋಟ ತೆಗೆದುಕೊಂಡರು. "ದಿಟ ತಾನೆ. ನಾನು ಕೇಳ್ನಿಲ್ಲ" ಅಂದರು. ಆಮೇಲೆ, "ಮಕ್ಳಿಗೆ ಗಂಜಿ ಕಾಯಿಸ್ಬೇಕು, ಹೊತ್ತಾಯ್ತು" ಅಂತ ಎದ್ದು ಹೋದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಆವತ್ತಿನಿಂದ ಅವರು ನನಗೆ ರಂಗಕ್ಕ. ಏಕವಚನ ನನ್ನ ಬಾಯಿಗೆ ಮತ್ತೆ ಬರಲಿಲ್ಲ.

ಮಾರನೇ ದಿನ ಪಾಟೀಲರ ಮುಂದೆ ನಿಂತು ನಡೆದದ್ದೆಲ್ಲ ಹೇಳಿದೆ. ನನ್ನನ್ನೇ ಬಿಡಿಸಿ ಅಂದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಕೂತರು.

"ಅವತ್ತ ನನಗ ಅನುಮಾನ ಬಂದಿತ್ತು, ಕೇಳಿದೆ. ನೀವು ನಕ್ರಿ, ಹೊರಗಿನವ ಅಂತ ನಾನೂ ನಾಚಿ ನಕ್ಕೆ. ತಪ್ಪು ಇಬ್ಬರದೂ ಅದ. ಈಗ ಮುಂದ ಏನ್ ಮಾಡೂಣು ಹೇಳ್ರಿ."

ಮೇಲಿನವರು ಹೀಗೆ ಮಾತಾಡುವುದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಹೆಚ್ಚು ಕೇಳಲಿಲ್ಲ. ಮುಂದೆ ಏನು ಅಂತ ನನಗೆ ಗೊತ್ತಿತ್ತು. ಇನ್ನು ಮೇಲೆ ಯಾವ ಊರಿನಲ್ಲಿ ಹೊಸ ತೊಟ್ಲುಮನೆ ತೆರೆದರೂ ಜಾಗ ನೋಡಲು ರಂಗಕ್ಕನನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ ಅಂದೆ. ಅವರು ಹೂಂ ಅಂದರು. ಅಂಥ ದಿನ ಆ ಊರಿನ ಮಕ್ಕಳನ್ನು ಗೌಡರ ಸೊಸೆ ನೋಡಿಕೊಳ್ಳುವುದು ಅಂತಾಯಿತು.

ರಂಗಕ್ಕನ ರೀತಿ ಬಹಳ ಸರಳ. ಮಗು ಎಲ್ಲಿ ಮಲಗುತ್ತದೋ ಅಲ್ಲಿ ತಾವೇ ಸೆರಗು ಹಾಸಿಕೊಂಡು ಮಲಗಿಬಿಡುತ್ತಿದ್ದರು. ನಡು ಮಧ್ಯಾಹ್ನ, ಅರ್ಧ ಗಂಟೆ. ನನ್ನನ್ನೂ ಪಕ್ಕದಲ್ಲಿ ಮಲಗಿಸುತ್ತಿದ್ದರು. "ನಿಂತ್ಕಂಡು ನೋಡಿದ್ರೆ ದೊಡ್ಡೋರ ಮನೆ ಕಾಣ್ತದೆ ಕಣ್ರವ್ವ. ಮಗೀನ ಮನೆ ಕಾಣಕ್ಕಿಲ್ಲ" ಅನ್ನುತ್ತಿದ್ದರು. ತುರುವೇಕೆರೆ ಹತ್ತಿರದ ಒಂದು ಮನೆಯಲ್ಲಿ ನಾವಿಬ್ಬರೂ ಹೀಗೆ ಮಲಗಿದ್ದನ್ನು ನೋಡಿ, ಆ ಕೆಲಸಕ್ಕೆ ಅರ್ಜಿ ಹಾಕಿದ್ದ ಹೆಂಗಸು ಪಾಪ ಬಿಸಿಲಿಗೆ ತಲೆ ಸುತ್ತಿದೆ ಅಂತ ನಿಂಬೆಹಣ್ಣಿನ ಪಾನಕ ಮಾಡಿಕೊಂಡು ಬಂದಳು. ಮಲಗಿದ ಜಾಗದಿಂದ ನಮಗೆ ಮಂಚದ ಕೆಳಗೆ ಸೀಮೆಎಣ್ಣೆ ಬಾಟಲಿ ಕಾಣಿಸಿತ್ತು, ಬಾಯಿಗೆ ಬರೀ ಬಟ್ಟೆ ಚೂರು ತುರುಕಿದ್ದು, ಪಕ್ಕದಲ್ಲಿ ಒಂದು ಕುಡುಗೋಲು. ಹೇಳಿದೆವು. ಆ ಹೆಂಗಸು ಮುನಿಸಿಕೊಳ್ಳಲಿಲ್ಲ, ನನ್ನ ಮನೆಗೆ ಏನಾಗಿದೆ ಅನ್ನಲಿಲ್ಲ. ಪಾನಕದ ಲೋಟ ಕೆಳಗಿಟ್ಟು ನಮ್ಮ ಪಕ್ಕದಲ್ಲೇ ಮಲಗಿ ತಾನೂ ನೋಡಿದಳು. "ಅಯ್ಯೋ, ಇಪ್ಪತ್ತು ವರ್ಷದಿಂದ ಇಲ್ಲೇ ಇದೀನಿ, ಕಂಡೇ ಇರ್ನಿಲ್ಲ" ಅಂದಳು. ರಂಗಕ್ಕ ನನ್ನ ಕೈ ಹಿಚುಕಿದರು. ಅವಳನ್ನೇ ಆರಿಸಿದೆವು. ಹತ್ತು ವರ್ಷ ಮಾಡಿದಳು, ಒಂದು ಮಗುವಿಗೂ ಗೀರು ಆಗಲಿಲ್ಲ. ಹೆಂಗಸರನ್ನು ಆರಿಸುವಾಗ ನಾನು ಆಮೇಲೆ ಓದು ಎಷ್ಟು ಅಂತ ಕಡೆಗೆ ಕೇಳುತ್ತಿದ್ದೆ. ತಪ್ಪು ತೋರಿಸಿದರೆ ಬಗ್ಗಿ ನೋಡುತ್ತಾಳೋ ಇಲ್ಲವೋ ಅಂತ ಮೊದಲು ನೋಡುತ್ತಿದ್ದೆ.

ಅಟ್ಟ ಬಿದ್ದು ಮೂರು ವಾರ ಕಳೆಯುವಷ್ಟರಲ್ಲಿ ಯುಗಾದಿ ಬಂತು, ಆಮೇಲೆ ಲಲಿತಾಳ ಮದುವೆಯೂ ಆಯಿತು. ಮದುವೆಗೆ ಅಂತ ಹಾಕಿದ್ದ ನನ್ನ ರಜೆ ಮುಗಿಯುತ್ತಾ ಬಂತು. ತಿಪಟೂರಿನಲ್ಲಿ ನಮ್ಮ ಬೀದಿಯಲ್ಲೇ ಒಂದು ಅನುಕೂಲಸ್ಥರ ಮನೆಯವರು ಸುಮಾಳನ್ನು ನೋಡಿಕೊಳ್ಳುತ್ತೇವೆ ಅಂದರು. ಒಳ್ಳೆಯ ಜನ, ಮೊಸಾಯಿಕ್ ನೆಲ. ಹೋಗಿ ಕೂತೆ. ಕೂತಷ್ಟು ಹೊತ್ತೂ ಮಗು ಅವರ ಷೋಕೇಸಿನ ಗೊಂಬೆ ಮುಟ್ಟೀತು ಅಂತ ಆ ಮನೆಯಾಕೆಯ ಕಣ್ಣು ಗೊಂಬೆಯ ಮೇಲೇ ಇತ್ತು. ಎದ್ದು ಬಂದೆ.

"ಶೆಟ್ಟಿಕೆರೆ ದಾರಿಗೆ ಹೊತ್ತುಕೊಂಡು ಹೋಗ್ತೀಯಾ ದಿನಾ? ಇಲ್ಲೇ ಯಾರೂ ಇಲ್ವೇನೆ?" ಅಂದರು ನಮ್ಮ ಮನೆಯವರು.

"ಇದ್ದಾರೆ. ಆದ್ರೆ ರಂಗಕ್ಕ ಇಲ್ಲ" ಅಂದೆ. ಅವರು ಮಗಳ ಬಟ್ಟೆ ಮಡಿಸಿ ಚೀಲಕ್ಕೆ ಹಾಕಿಕೊಟ್ಟರು.

ಬೆಳಗಿನ ಮೊದಲ ಬಸ್ಸಿಗೆ ಸುಮಾಳನ್ನು ಎತ್ತಿಕೊಂಡು ಹೋದೆ. ತಾಯಂದಿರು ಮಕ್ಕಳನ್ನು ಬಿಟ್ಟು ಗುಂಡಿಯ ಕಡೆ ಹೊರಟಿದ್ದರು. ಜಯಮ್ಮ ನನ್ನನ್ನು ನೋಡಿ, ಮಗುವನ್ನು ನೋಡಿ, ತನ್ನ ಕೂಸನ್ನು ಸ್ವಲ್ಪ ಸರಿಸಿ ಸುಮಾಳಿಗೆ ಚಾಪೆ ಮೇಲೆ ಜಾಗ ಮಾಡಿಕೊಟ್ಟಳು.

ರಂಗಕ್ಕ ಮಗುವನ್ನು ತಕ್ಷಣ ಎತ್ತಿಕೊಳ್ಳಲಿಲ್ಲ. ನನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳಲು ಶುರು ಮಾಡಿದರು. "ಮಗು ಎತ್ತಾಗೆ ತಿರುಗ್ಕಂಡು ಮಲಗ್ತದೆ? ಯಾವುದಕ್ಕೆ ಬೆಚ್ಚುತ್ತದೆ? ಅತ್ರೆ ಎತ್ಕಂಡ್ರೆ ಸುಮ್ಕಾಗ್ತದೋ, ನ್ಯಾಲಕ್ಕೆ ಬುಟ್ರೆ ಸುಮ್ಕಾಗ್ತದೋ?" ಅಷ್ಟು ಹೊತ್ತಿಗೆ ಎಷ್ಟೋ ಹೆಂಗಸರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದವಳು ನಾನು. ಈ ಮೂರರಲ್ಲಿ ಒಂದಕ್ಕೂ ನನಗೆ ಸರಿಯಾದ ಉತ್ತರ ಗೊತ್ತಿರಲಿಲ್ಲ. ಅದೆಲ್ಲ ಲಲಿತಾಳಿಗೆ ಗೊತ್ತಿತ್ತು. ಗೊತ್ತಿಲ್ಲ ಅಂದೆ.

"ಬುಡಿ, ಅದೇ ಹೇಳ್ತದೆ ನಂಗೆ" ಅಂದರು.

ನಾನು ಮೆಲ್ಲಗೆ ಹಿಂಬಾಗಿಲ ಕಡೆ ಸರಿಯಲು ನೋಡಿದೆ. ಅವರು ತಡೆದರು. "ಕದ್ದು ಹೋಗ್ಬ್ಯಾಡಿ. ಮಗೀಗೆ ಹೇಳಿ ಹೋಗಿ. ಅಳ್ತದೆ, ಅಳ್ಲಿ. ನಾನಿದೀನಲ್ಲ."

ಹೇಳಿದೆ. ಅತ್ತಳು, ಎರಡೂ ಕೈ ಚಾಚಿ ಅತ್ತಳು. ರಂಗಕ್ಕ ಅವಳನ್ನು ಎತ್ತಿಕೊಂಡು ಬಾಗಿಲವರೆಗೆ ಬಂದು, ನಾನು ಹೋಗುವುದು ಕಾಣುವ ಹಾಗೆ ನಿಂತರು. ತಿರುವಿನವರೆಗೂ ಅಳು ಕೇಳಿಸಿತು. ಅಲ್ಲಿ ನಿಂತೆ, ಕಿವಿ ಕೊಟ್ಟೆ. ಅಳು ನಿಂತು, ಏನೋ ಕೇಳುವ ಹಾಗೆ ಒಂದು ಸಣ್ಣ ದನಿ ಬಂತು. ಅದಕ್ಕೆ ರಂಗಕ್ಕನ ದನಿ ಉತ್ತರ ಕೊಟ್ಟಿತು.

ಚಿಕ್ಕನಾಯಕನಹಳ್ಳಿ ಬಸ್ಸು ಬಂತು. ಟಿಕೆಟ್ ತೆಗೆದುಕೊಂಡು ಕಿಟಕಿ ಪಕ್ಕ ಕೂತೆ, ಅಷ್ಟು ನೆನಪಿದೆ.

"ಅಮ್ಮಾ, ಏಳಿ, ಚಿಕ್ಕನಾಯಕನಹಳ್ಳಿ ಬಂತು" ಅಂತ ಕಂಡಕ್ಟರ್ ಎಬ್ಬಿಸಿದಾಗ ಬಸ್ಸೆಲ್ಲ ಖಾಲಿಯಾಗಿತ್ತು. ಮಗಳು ಹುಟ್ಟಿದ ಮೇಲೆ ಅವಳು ಪಕ್ಕದಲ್ಲಿಲ್ಲದೆ ನನಗೆ ನಿದ್ದೆ ಬಂದದ್ದು ಅದೇ ಮೊದಲು.